ಅರ್ಧ ಬಟ್ಟಲು

"ಶ್! ಅಲ್ಲಾಡಬೇಡ. ಬರ್ತಾ ಇದೆ."

ಅಜ್ಜ ಹೀಗೆ ಪಿಸುಗುಟ್ಟಿದಾಗ ಗಡಿಬಿಡಿಯ ಒಂದು ಕಾಲು ಇನ್ನೂ ಗಾಳಿಯಲ್ಲೇ ಇತ್ತು. ಅವಳು ಅದನ್ನು ಕೆಳಗಿಡದೆ ಕೊಕ್ಕರೆಯ ಹಾಗೆ ನಿಂತಳು.

ತೆರೆದ ಕಿಟಕಿಯಿಂದ ನೊಣವೊಂದು ಒಳಗೆ ಬಂತು. ಮೇಜಿನ ಮೇಲಿದ್ದ ಹುರಿದ ಮೊಟ್ಟೆಗೆ ಒಂದು ಸುತ್ತು ಹಾಕಿತು. ಹಳದಿಯ ಮೇಲೆ ಇಳಿದು ಮುಂಗಾಲು ಉಜ್ಜಿಕೊಂಡಿತು. ಆಮೇಲೆ ಅವಮಾನವಾದ ಹಾಗೆ ಬುರ್ರನೆ ಎದ್ದು ಹೋಯಿತು.

"ಪಾಸ್!" ಎಂದು ಅಜ್ಜ ತೊಡೆ ತಟ್ಟಿಕೊಂಡರು. ಗಡಿಬಿಡಿ ಕಾಲು ಕೆಳಗಿಟ್ಟಳು.

ಆ ಮೊಟ್ಟೆ ಮೇಣದ್ದು. ಪಕ್ಕದ ಬ್ರೆಡ್ಡೂ ಮೇಣದ್ದು, ಬ್ರೆಡ್ಡಿನ ಮೇಲೆ ಕರಗುತ್ತಿದ್ದ ಬೆಣ್ಣೆಯೂ ಮೇಣದ್ದೇ. ಹೋಟೆಲಿನ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯೊಳಗೆ ತುಂಬಿದ ತಟ್ಟೆಗಳನ್ನು ಜೋಡಿಸಿಟ್ಟಿರುತ್ತಾರಲ್ಲ, ಅಂಥವನ್ನು ಮಾಡುವುದು ಅಜ್ಜನ ಕೆಲಸ. ನಿಜವಾದ ತಿಂಡಿಯ ಮೇಲೆ ರಬ್ಬರ್ ಹಾಲು ಸುರಿಯಬೇಕು. ಅದು ಗಟ್ಟಿಯಾದ ಮೇಲೆ ಮೆಲ್ಲಗೆ ಬಿಡಿಸಿದರೆ ಅಚ್ಚು. ಅಚ್ಚಿಗೆ ಬಿಸಿ ಮೇಣ ಹೊಯ್ದರೆ ತಿಂಡಿ. ಬಣ್ಣ ಹಚ್ಚುವುದು ಚಿಕ್ಕಮ್ಮನ ಪಾಲು. ಕೊನೆಯ ಪರೀಕ್ಷೆ ಮಾತ್ರ ನೊಣದ್ದು. ನೊಣ ಮೋಸ ಹೋದರಷ್ಟೇ ತಟ್ಟೆ ಆ ಮನೆಯಿಂದ ಹೊರಗೆ ಹೋಗುತ್ತಿತ್ತು.

ಗಡಿಬಿಡಿ ಎನ್ನುವುದು ಮನೆಯವರು ಇಟ್ಟ ಅಡ್ಡಹೆಸರು. ಶೂ ಲೇಸ್ ಕಟ್ಟಿಕೊಳ್ಳುವ ಮೊದಲೇ ಓಡುವ ಹುಡುಗಿಯನ್ನು ಇನ್ನೇನಂತ ಕರೆಯುವುದು?

ಈ ಸಲದ ಕೆಲಸ ಹೋಟೆಲಿನದಲ್ಲ. ಊರಿನ ಮಕ್ಕಳ ಮ್ಯೂಸಿಯಂನದು. ಅಲ್ಲಿನ ಮೇಡಂ ಒಂದು ಕಟ್ಟು ಫೋಟೋ ತಂದುಕೊಟ್ಟು, "ಒಂದು ಉದ್ದನೆಯ ಮೇಜು. ಅದರ ತುಂಬ ಲೋಕದ ಜನ ಬೆಳಿಗ್ಗೆ ಇಷ್ಟಪಟ್ಟು ತಿನ್ನೋ ತಿಂಡಿಗಳು. ಆಗುತ್ತಾ?" ಎಂದು ಕೇಳಿದ್ದರು.

"ಆಗುತ್ತೆ ಅಮ್ಮ," ಎಂದಿದ್ದರು ಅಜ್ಜ. ಮೇಡಂ ಹೋದ ಮೇಲೆ ಫೋಟೋಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದೊಂದೇ ನೋಡಿದ್ದರು.

ಈಗ ಆ ತಿಂಡಿಗಳೆಲ್ಲ ನಡುಮನೆಯಲ್ಲಿ ಸಾಲಾಗಿ ಕೂತಿದ್ದವು. ಮಂಜು ಬೀಳುವ ದೇಶದ ಕಪ್ಪು ಬ್ರೆಡ್ಡು, ಅದರ ಮೇಲೆ ಮೀನಿನ ತೆಳು ಹಾಳೆ. ಮರಳುಗಾಡಿನ ದೇಶದ ಬೇಯಿಸಿದ ಅವರೆಯಂಥ ಕಾಳು, ಮೇಲೆ ಎಣ್ಣೆಯ ಪುಟ್ಟ ಕೊಳ. ಒಂದು ಕಡೆ ಬೆಳಿಗ್ಗೆ ಬೆಳಿಗ್ಗೆಯೇ ನೂಡಲ್ಸಿನ ಸಾರು. ಇನ್ನೊಂದು ಕಡೆ ಆಲಿವ್ ಕಾಯಿ, ಬಿಳಿ ಚೀಸ್, ಸೌತೆಕಾಯಿ, ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಕೆಂಪು ಟೀ. ಮೆಕ್ಕೆಜೋಳದ ರೊಟ್ಟಿಯ ಮೇಲೆ ಮೊಟ್ಟೆ, ಮೊಟ್ಟೆಯ ಮೇಲೆ ಕೆಂಪು ಚಟ್ನಿ. ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಚಾಕೊಲೇಟಿನ ಚೂರು ಉದುರಿಸಿದ್ದೂ ಒಂದಿತ್ತು. ಅದನ್ನು ನೋಡಿದ ದಿನ ಗಡಿಬಿಡಿ, "ಆ ದೇಶಕ್ಕೆ ಹೋಗೋಣ ಅಜ್ಜ, ಇವತ್ತೇ" ಎಂದು ಹಟ ಹಿಡಿದಿದ್ದಳು.

"ಲೋಕದ ತಿಂಡಿಯೆಲ್ಲ ನಮ್ಮ ಮನೇಲಿದೆ," ಎಂದು ಚಿಕ್ಕಮ್ಮ ನಗುತ್ತಿದ್ದಳು. "ಆದ್ರೆ ತಿನ್ನೋಕೆ ಮಾತ್ರ ನೆನ್ನೆಯ ಬ್ರೆಡ್ಡು."

ಒಂದು ಸಂಜೆ ಸೂರ್ಯ ಇಳಿಯುವಾಗ ಬಿಸಿಲು ಓರೆಯಾಗಿ ಬಂದು ಆ ಸಾಲಿನ ಮೇಲೆಲ್ಲ ಹರಿಯಿತು. ಸಾರು ಹೊಳೆಯಿತು, ಟೀ ಹೊಳೆಯಿತು. ಗಡಿಬಿಡಿ ಉಸಿರು ಬಿಡುವುದನ್ನೇ ಮರೆತಳು.

"ಅಜ್ಜ, ಈಗಲೂ ಎಲ್ಲೋ ಬೆಳಗಾಗ್ತಿರುತ್ತಾ?"

"ಆಗದೆ ಏನು? ಇಲ್ಲಿ ಮುಳುಗೋ ಸೂರ್ಯನೇ ಅಲ್ಲಿ ಹುಟ್ಟೋದು. ಯಾವ ಹೊತ್ತಲ್ಲಿ ನೋಡಿದ್ರೂ ಯಾವುದೋ ಮನೇಲಿ ಯಾರೋ ಒಬ್ರು ಕಣ್ಣುಜ್ಜಿಕೊಂಡು ಒಲೆ ಹಚ್ತಾ ಇರ್ತಾರೆ."

ಗಡಿಬಿಡಿಗೆ ಮೈ ಜುಮ್ಮೆಂದಿತು. ಬೆಳಗು ಎನ್ನುವುದು ಎಲ್ಲೂ ನಿಲ್ಲದೆ ಮನೆಯಿಂದ ಮನೆಗೆ ನಡೆಯುತ್ತಲೇ ಇರುತ್ತದೆ ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ.

ಶಾಲೆಯಲ್ಲಿ ಗಡಿಬಿಡಿಯ ಪಕ್ಕ ಕೂರುವವಳನ್ನು ಎಲ್ಲರೂ ಹೊಸಬಿ ಎನ್ನುತ್ತಿದ್ದರು. ದೂರದ ದೇಶದಿಂದ ಅಮ್ಮನ ಜೊತೆ ಬಂದು ಆಗಲೇ ಬಹಳ ತಿಂಗಳಾಗಿತ್ತು. ಇಲ್ಲಿನ ಮಾತೂ ಕಲಿತಿದ್ದಳು. ಆದರೂ ಹೆಸರು ಹಾಗೇ ಅಂಟಿಕೊಂಡಿತ್ತು. ನಾಲ್ಕು ಮಾತು ಬೇಕಾದ ಕಡೆ ಒಂದೇ ಮಾತು ಆಡುವವಳು ಅವಳು.

ಬುಧವಾರ ಬೆಳಿಗ್ಗೆ ಡ್ರಿಲ್ ಮಾಡುವಾಗ ಹೊಸಬಿ ತಲೆ ಸುತ್ತಿ ಮೈದಾನದಲ್ಲೇ ಕುಕ್ಕರಿಸಿದಳು. ಇದು ಮೊದಲನೆಯ ಸಲವೂ ಅಲ್ಲ.

"ಇವತ್ತೂ ತಿಂಡಿ ತಿಂದಿಲ್ವೇನಮ್ಮ?" ಎಂದರು ಪೀಟಿ ಸರ್. "ಮನೇಲಿ ಕೊಡಲ್ವಾ?"

"ಕೊಡ್ತಾರೆ."

"ಮತ್ತೆ?"

ಹೊಸಬಿ ಬಗ್ಗಿ ಶೂ ಲೇಸ್ ಬಿಗಿ ಮಾಡಿಕೊಳ್ಳತೊಡಗಿದಳು.

ಗಡಿಬಿಡಿ ಅವಳನ್ನು ನೆರಳಿಗೆ ಕರೆದುಕೊಂಡು ಹೋಗಿ ನೀರು ಕುಡಿಸಿದಳು. ಏನಾದರೂ ಹೇಳಿ ಅವಳನ್ನು ನಗಿಸಬೇಕು ಅನ್ನಿಸಿತು. ಥಟ್ಟನೆ ನೆನಪಾಯಿತು.

"ಏ, ನಿಂಗೊಂದು ವಿಷ್ಯ ಹೇಳ್ಲೇ ಇಲ್ಲ! ನಮ್ಮ ಮೇಜಿನ ಮೇಲೆ ನಿಮ್ಮ ದೇಶದ ತಿಂಡೀನೂ ಇದೆ. ನಮ್ಮಜ್ಜ ಮಾಡಿದ್ದು. ಮ್ಯೂಸಿಯಂಗೆ ಹೋಗುತ್ತೆ! ನೀನು ನೋಡಿದ್ರೆ, ಇದು ನಮ್ಮ ಮನೇದೇ ಅಂತೀಯ. ಬೆಟ್!"

"ನಮ್ಮನೇದು?" ಹೊಸಬಿಯ ಕಣ್ಣು ಅಗಲವಾಯಿತು. "ಇವತ್ತು ಬರಲಾ?"

ಅವಳು ತಾನಾಗಿ ಏನನ್ನಾದರೂ ಕೇಳಿದ್ದು ಗಡಿಬಿಡಿಗೆ ಗೊತ್ತಿದ್ದ ಮಟ್ಟಿಗೆ ಅದೇ ಮೊದಲು.

ಸಂಜೆ ಹೊಸಬಿ ಬಂದಳು. ಮೇಜಿನ ಈ ತುದಿಯಿಂದ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಾ ಹೋದಳು. ನೂಡಲ್ಸಿನ ಹತ್ತಿರ ಬಗ್ಗಿ ಮೂಸಿದಳು. ಚಾಕೊಲೇಟಿನ ಬ್ರೆಡ್ಡಿನ ಹತ್ತಿರ ನಕ್ಕಳು. ಚಿಕ್ಕಮ್ಮ ಅಜ್ಜನಿಗೆ ಕಣ್ಣು ಹೊಡೆದಳು.

ಆ ತುದಿಯಲ್ಲಿ ಅವಳ ದೇಶದ ತಿಂಡಿ ಇತ್ತು. ಹೊಳೆಯುವ ಬಿಳಿ ಬಟ್ಟಲಿನ ತುಂಬ ದಪ್ಪನೆಯ ಗಂಜಿ. ಸುತ್ತ ಪುಟ್ಟ ಪುಟ್ಟ ತಟ್ಟೆಗಳಲ್ಲಿ ಮೀನು, ಮೊಟ್ಟೆ, ಸೊಪ್ಪು, ಉಪ್ಪಿನಲ್ಲಿ ಹಾಕಿದ ತರಕಾರಿ. ಮೇಡಂ ಕೊಟ್ಟ ಫೋಟೋದಲ್ಲಿ ಹೇಗಿತ್ತೋ ಹಾಗೇ. ಗಂಜಿಯ ಮೇಲಿನ ಒಂದೊಂದು ಎಳ್ಳನ್ನೂ ಗಡಿಬಿಡಿಯೇ ಚಿಮಟದಲ್ಲಿ ಹಿಡಿದು ಅಂಟಿಸಿದ್ದಳು.

ಹೊಸಬಿ ನೋಡಿದಳು. ಮುಖದಲ್ಲಿದ್ದ ನಗು ಮೆಲ್ಲಗೆ ಆರಿತು.

"ಚೆನ್ನಾಗಿದೆ," ಎಂದಳು. ಚೀಲ ಹೆಗಲಿಗೇರಿಸಿಕೊಂಡು ಹೊರಟೇ ಹೋದಳು.

"ಏನು ತಪ್ಪಾಗಿದೆ ಅಜ್ಜ?" ಗಡಿಬಿಡಿಗೆ ಅಳು ಬರುವ ಹಾಗಾಯಿತು. ಬೆಟ್ ಕಟ್ಟಿ ಕರೆದುಕೊಂಡು ಬಂದವಳು ಅವಳೇ ತಾನೇ?

ಅಜ್ಜ ಕನ್ನಡಕ ಏರಿಸಿ ಫೋಟೋವನ್ನೂ ಬಟ್ಟಲನ್ನೂ ಮತ್ತೆ ಮತ್ತೆ ನೋಡಿದರು. "ಒಂದು ಎಳ್ಳೂ ಆಚೀಚೆ ಆಗಿಲ್ಲ ಮರಿ. ನೊಣಾನೂ ಕೂತಿತ್ತು. ನಾಳೆ ಅವಳನ್ನೇ ಕೇಳು. ಭಾನುವಾರ ವ್ಯಾನ್ ಬರೋದ್ರೊಳಗೆ ಗೊತ್ತಾದ್ರೆ ಸರಿಮಾಡಬಹುದು."

ಮಾರನೆಯ ದಿನ ಊಟದ ಬಿಡುವಿನಲ್ಲಿ ಗಡಿಬಿಡಿ ಕೇಳಿದಳು. ಒಂದು ಸಲವಲ್ಲ, ಬಿಡದೆ ಕೇಳಿದಳು. ಕೊನೆಗೆ ಹೊಸಬಿ ಬಾಯಿಬಿಟ್ಟಳು.

"ಅದು ಹೋಟೆಲಿಂದು. ಮತ್ತೆ... ತುಂಬಿದೆ."

"ಬಟ್ಟಲು ಅಂದ್ಮೇಲೆ ತುಂಬಿರಲೇಬೇಕಲ್ಲ?"

ಹೊಸಬಿ ಇಲ್ಲವೆಂದು ತಲೆಯಾಡಿಸಿದಳು. ಶೂ ತುದಿಯಿಂದ ಮಣ್ಣಿನಲ್ಲಿ ಒಂದು ವೃತ್ತ ಬರೆದಳು. ಅದರ ನಡುವೆ ಒಂದು ಗೆರೆ ಎಳೆದಳು.

"ಈ ಕಡೆ ಅಪ್ಪ. ಈ ಕಡೆ ನಾನು."

ಆಮೇಲೆ ಅವಳು ಬಿಟ್ಟು ಬಿಟ್ಟು ಹೇಳಿದ್ದು ಇಷ್ಟು. ಅವಳಪ್ಪ ಬೆಳಗಿನ ಮೊದಲ ರೈಲು ಓಡಿಸುವವರು. ಊರು ಏಳುವ ಮೊದಲೇ ಮನೆ ಬಿಡುವವರು. ಒಬ್ಬರೇ ಎದ್ದು ಗಂಜಿ ಕಾಯಿಸಿ, ಒಂದೇ ಬಟ್ಟಲಿಗೆ ಹಾಕಿಕೊಂಡು, ಅರ್ಧ ತಿನ್ನುತ್ತಿದ್ದರು. ಉಳಿದ ಅರ್ಧಕ್ಕೆ ತಟ್ಟೆ ಮುಚ್ಚಿ ಒಲೆಯ ಪಕ್ಕ ಇಟ್ಟು ಹೋಗುತ್ತಿದ್ದರು. ಇವಳು ಎದ್ದಾಗ ಅಪ್ಪ ಇರುತ್ತಿರಲಿಲ್ಲ. ಬಟ್ಟಲು ಇರುತ್ತಿತ್ತು. ಅದರ ನಡುವೆ ಗಂಜಿ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತಿತ್ತು.

"ಅಷ್ಟು ನೆಟ್ಟಗೆ ತಿಂತಿದ್ರಾ?"

"ಹೂಂ. ನನ್ನ ಕಡೆ ಬರ್ತಾನೇ ಇರ್ಲಿಲ್ಲ." ಹೊಸಬಿಗೆ ನಗು ಬಂತು, ಹಾಗೇ ಹೋಯಿತು. "ಅಪ್ಪ ಅಲ್ಲೇ ಇದಾರೆ. ಕೆಲಸ. ಯಾವಾಗ ಬರ್ತಾರೋ ಗೊತ್ತಿಲ್ಲ. ಇಲ್ಲಿ ಅಮ್ಮ ಬಟ್ಟಲು ತುಂಬ ಹಾಕಿಕೊಡ್ತಾಳೆ. ತುಂಬಿದ್ದು ನೋಡಿದ್ರೆ ನಂಗೆ... ಗಂಟಲಲ್ಲಿ ಇಳಿಯಲ್ಲ."

ಗಡಿಬಿಡಿ ಮಣ್ಣಿನ ಮೇಲಿನ ಗೆರೆಯನ್ನೇ ನೋಡುತ್ತಾ ನಿಂತಳು. ಬೆಲ್ ಹೊಡೆದದ್ದು ಕೇಳಿಸಲಿಲ್ಲ.

"ಅರ್ಧ ತಿಂದ ಬಟ್ಟಲಾ?" ಸಂಜೆ ಮನೆಯಲ್ಲಿ ಗಡಿಬಿಡಿ ಹೇಳಿದ್ದು ಕೇಳಿ ಅಜ್ಜ ಕೈಯಲ್ಲಿದ್ದ ಕೆಲಸ ಬಿಟ್ಟರು. "ಮರಿ, ನಮ್ಮ ಕೆಲಸದಲ್ಲಿ ತಟ್ಟೆ ತುಂಬಿರಬೇಕು. ಯಾರೋ ತಿಂದು ಬಿಟ್ಟಿದ್ದನ್ನ ನೋಡಿ ಯಾರಾದ್ರೂ ಹೋಟೆಲ್ ಒಳಗೆ ಕಾಲಿಡ್ತಾರಾ?"

"ಎಂಜಲು ಬಟ್ಟಲು ಮಾಡಿ ಅಂತ ಆರ್ಡರ್ ತಂದವಳು ನೀನೊಬ್ಬಳೇ ಕಣೇ," ಎಂದಳು ಚಿಕ್ಕಮ್ಮ.

"ಇದು ಹೋಟೆಲ್ ಅಲ್ವಲ್ಲ ಚಿಕ್ಕಮ್ಮ! ಅವಳು ಬೆಳಿಗ್ಗೆ ಏನೂ ತಿನ್ನಲ್ಲ. ಮೈದಾನದಲ್ಲಿ ಬೀಳ್ತಾಳೆ. ನಾನು ಅವಳಿಗೆ 'ನಿಮ್ಮನೇದೂ ಇದೆ' ಅಂತ ಹೇಳ್ಬಿಟ್ಟಿದೀನಿ."

ಅಜ್ಜ ಒಲೆ ಹಚ್ಚಿದರು. ಚಾಕು ಬಿಸಿ ಮಾಡಿ ಮೇಣದ ಗಂಜಿಯನ್ನು ನಡುವೆ ಸರಕ್ಕನೆ ಕತ್ತರಿಸಿ ಅರ್ಧ ತೆಗೆದರು. ಬಟ್ಟಲನ್ನು ದೂರ ಹಿಡಿದು ನೋಡಿದರು. ಮೂವರೂ ನೋಡಿದರು.

"ಕೇಕ್ ಕಟ್ ಮಾಡಿದ ಹಾಗಿದೆ," ಎಂದಳು ಗಡಿಬಿಡಿ.

ಅಜ್ಜ ಚಮಚದಿಂದ ಕೆರೆದರು. ಆಗ ಇಲಿ ಕಡಿದ ಹಾಗೆ ಕಂಡಿತು. ಬೆರಳಿನಿಂದ ಒತ್ತಿದರು. ಇನ್ನೂ ಕೆಟ್ಟಿತು.

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. "ಎಷ್ಟು ತಟ್ಟೆ ಮಾಡಿದೀನಿ ಈ ಕೈಯಲ್ಲಿ! ಒಂದಕ್ಕಾದ್ರೂ ಯಾರೂ ಬಾಯಿ ಹಾಕಿರಲಿಲ್ಲ ನೋಡು. ತಿಂದದ್ದು ಹೇಗಿರುತ್ತೆ ಅಂತ ನನ್ನ ಕೈಗೆ ಗೊತ್ತೇ ಇಲ್ಲ."

"ಹಾಗಾದ್ರೆ ನಿಜವಾದ ಗಂಜಿ ಮಾಡಿ, ಅರ್ಧ ತಿಂದು, ಆಮೇಲೆ ಅಚ್ಚು ತೆಗೆಯೋಣ! ನಾನು ತಿಂತೀನಿ."

"ಅವಳಪ್ಪ ಹೇಗೆ ತಿಂತಿದ್ರು ಅಂತ ನಿಂಗೊತ್ತಾ?"

ಮಾರನೆಯ ದಿನ ಶಾಲೆಯಲ್ಲಿ ಗಡಿಬಿಡಿ ಹೊಸಬಿಯನ್ನೇ ಮನೆಗೆ ಕರೆದಳು.

ಶುಕ್ರವಾರ ಸಂಜೆ ಹೊಸಬಿ ಅಮ್ಮನ ಜೊತೆ ಬಂದಳು. ಅವಳಮ್ಮ ಊರಿಂದ ತಂದಿಟ್ಟುಕೊಂಡಿದ್ದ ಧಾನ್ಯದ ಪೊಟ್ಟಣವನ್ನೂ, ಬಟ್ಟೆಯಲ್ಲಿ ಸುತ್ತಿದ ಬಟ್ಟಲನ್ನೂ ತಂದಿದ್ದರು. ನೀಲಿ ಅಂಚಿನ ಹಳೆಯ ಬಟ್ಟಲು. ಒಂದು ಕಡೆ ಚಕ್ಕೆ ಎದ್ದಿತ್ತು. ಅವರೇ ಒಲೆಯ ಮುಂದೆ ನಿಂತು ಗಂಜಿ ಕಾಯಿಸಿದರು. ಚಮಚ ನಿಲ್ಲಿಸಿದರೆ ಬೀಳಬಾರದು, ಅಷ್ಟು ದಪ್ಪ. ಮೇಣ, ಬಣ್ಣದ ವಾಸನೆಯ ಆ ಮನೆಯಲ್ಲಿ ಮೊದಲ ಸಲ ಬೇರೆ ಯಾವುದೋ ಮನೆಯ ಬೆಳಗಿನ ವಾಸನೆ ಹರಡಿತು.

ಬಟ್ಟಲನ್ನು ಮೇಜಿನ ಮೇಲಿಟ್ಟರು. ಹೊಸಬಿ ಅದರ ಮುಂದೆ ಕೂತಳು. ಚಮಚ ತೆಗೆದುಕೊಂಡಳು. ಹಾಗೇ ಇಟ್ಟಳು.

"ಇದು ನನ್ನ ಕಡೆ," ಎಂದಳು. ಎದ್ದು ಬಳಸಿ ಹೋಗಿ ಆಚೆ ಕಡೆಯ ಕುರ್ಚಿಯಲ್ಲಿ ಕೂತಳು. ಚಮಚವನ್ನು ಎಡಗೈಗೆ ಬದಲಾಯಿಸಿದಳು. "ಅಪ್ಪ ಎಡಚ."

ಮೊದಲ ಚಮಚ ಅಂಚಿನಿಂದ ತೆಗೆದಳು. ಬಿಸಿ ಇತ್ತು, ಊದಿದಳು. ಇನ್ನೊಂದು. ಮತ್ತೊಂದು. ಎಡಗೈಗೆ ಅಭ್ಯಾಸವಿರಲಿಲ್ಲ. ಆದರೂ ಗಂಜಿ ಒಂದು ಕಡೆಯಿಂದ ಹಿಂದೆ ಸರಿಯುತ್ತಾ ಹೋಯಿತು, ಬೆಳಕು ಬಂದಾಗ ನೆರಳು ಸರಿಯುವ ಹಾಗೆ. ಬಟ್ಟಲಿನ ತಳ ಕಾಣಿಸಿತು. ತಳದ ಮೇಲೆ ಚಮಚದ ಗೀರುಗಳು ಎಡಕ್ಕೆ ಬಾಗಿದ್ದವು. ನಡುವೆ ಗೋಡೆ ಎದ್ದಿತು. ಅವಳು ಅದನ್ನು ನೆಟ್ಟಗೆ ಮಾಡಲು ಹೆಣಗಲಿಲ್ಲ. ಅದು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಗಡಿಬಿಡಿಗೆ ಒಂದು ಕ್ಷಣ ಆ ಕುರ್ಚಿಯಲ್ಲಿ ಹೊಸಬಿಯಲ್ಲ, ತಾನು ನೋಡೇ ಇರದ ದೊಡ್ಡ ಮನುಷ್ಯರೊಬ್ಬರು ಕೂತಿದ್ದಾರೆ, ಸದ್ದಾಗದ ಹಾಗೆ ತಿನ್ನುತ್ತಿದ್ದಾರೆ, ಒಳಗೆ ಮಗಳು ಮಲಗಿದ್ದಾಳೆ ಅನ್ನಿಸಿತು.

ಗೋಡೆ ಸರಿಯಾಗಿ ನಡುವಿಗೆ ಬಂದಾಗ ಹೊಸಬಿ ನಿಲ್ಲಿಸಿದಳು. ಚಮಚವನ್ನು ಖಾಲಿ ಕಡೆಗೆ ಒರಗಿಸಿಟ್ಟಳು.

"ಇಷ್ಟೇ," ಎಂದಳು.

ಅವಳಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ತಮ್ಮ ಮಾತಿನಲ್ಲಿ ಮಗಳನ್ನು ಏನೋ ಕೇಳಿದರು. ಮಗಳು ಹೌದೆಂದು ತಲೆಯಾಡಿಸಿದಳು. ಅಮ್ಮ ಮುಖ ತಿರುಗಿಸಿಕೊಂಡು, ಆಗಲೇ ತೊಳೆದಿದ್ದ ಪಾತ್ರೆಯನ್ನು ಮತ್ತೆ ತೊಳೆಯತೊಡಗಿದರು.

ಅಜ್ಜ ಎರಡೂ ಕೈಯಲ್ಲಿ ಬಟ್ಟಲನ್ನು ಎತ್ತಿದರು. ಇಷ್ಟು ಮೆಲ್ಲಗೆ ಅವರು ಯಾವುದನ್ನೂ ಎತ್ತಿದ್ದನ್ನು ಗಡಿಬಿಡಿ ನೋಡಿರಲಿಲ್ಲ.

ಫ್ರಿಜ್ಜಿನಲ್ಲಿ ಗಂಜಿ ಗಟ್ಟಿಯಾಯಿತು. ಅದರ ಮೇಲೆ ರಬ್ಬರ್ ಹಾಲು ಇಳಿಯಿತು. ಶನಿವಾರ ಇಡೀ ದಿನ ಮೂವರಿಗೂ ಕೈತುಂಬ ಕೆಲಸ. "ನಿಮ್ಮ ಬಟ್ಟಲು ನಿಮ್ಮ ಮನೇಲಿರಲಿ," ಎಂದು ಅಜ್ಜ ಅದನ್ನು ತೊಳೆದು ಹಿಂದೆ ಕೊಡಲು ತೆಗೆದಿಟ್ಟರು. ಅದರ ಹಾಗೇ ಇನ್ನೊಂದನ್ನು ಮಾಡಿದರು, ನೀಲಿ ಅಂಚು, ಎದ್ದ ಚಕ್ಕೆ ಎಲ್ಲ ಸೇರಿಸಿ. ಚಿಕ್ಕಮ್ಮ ಗಂಜಿ ಒಣಗಿದ ಕಡೆ ಒಂದು ಬಣ್ಣ, ಹಸಿ ಇದ್ದ ಕಡೆ ಒಂದು ಬಣ್ಣ ಹಚ್ಚಿದಳು. ಎಂಜಲು ಎಂದು ಮತ್ತೆ ಅನ್ನಲಿಲ್ಲ.

ಭಾನುವಾರ ಹೊಸಬಿ ವ್ಯಾನಿಗಿಂತ ಮೊದಲೇ ಓಡಿ ಬಂದಳು.

"ನಿನ್ನೆ ಅಮ್ಮ ಅರ್ಧ ತಿಂದು ಮುಚ್ಚಿಟ್ಟಿದ್ಲು. ಇವತ್ತೂ." ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಅಮ್ಮನ ಗೋಡೆ ಸೊಟ್ಟ! ಆ ಕಡೆ ಈ ಕಡೆ ಎಲ್ಲಾ ಕಡೆ ತಿಂತಾಳೆ."

"ನೀನು ತಿಂದ್ಯಾ?"

"ತಿಂದೆ."

ಅಷ್ಟರಲ್ಲಿ ಮ್ಯೂಸಿಯಂ ಮೇಡಂ ಒಳಗೆ ಬಂದರು. ಒಂದೊಂದೇ ತಟ್ಟೆ ನೋಡುತ್ತಾ, "ಭೇಷ್! ಆಹಾ!" ಎನ್ನುತ್ತಾ ಆ ತುದಿಗೆ ಹೋದರು. ಅಲ್ಲಿ ಗಕ್ಕನೆ ನಿಂತರು.

"ಅಯ್ಯಯ್ಯೋ, ಇದನ್ನ ಯಾರೋ ತಿಂದುಬಿಟ್ಟಿದಾರಲ್ಲ!"

ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಅದೂ ಮೇಣವೇ ಅಮ್ಮ," ಎಂದರು ಅಜ್ಜ. "ನೀವು ಹೇಳಿದ್ದು ಈ ಕಡೆ ಇಟ್ಟಿದೀನಿ, ಗಂಜಿ ಮಾತ್ರ ಹೊಸದಾಗಿ ಹೊಯ್ದದ್ದು. ಎರಡರಲ್ಲಿ ಯಾವುದು ಅಂತ ನೀವೇ ಹೇಳಿ."

ಮೇಡಂ ಹುಬ್ಬು ಗಂಟಿಕ್ಕಿದರು. "ತುಂಬಿದ್ದೇ ಇರಲಿ ಅಜ್ಜ. ಮಕ್ಕಳಿಗೆ ತೋರಿಸೋದು. ತಿಂದು ಬಿಟ್ಟಿದ್ದನ್ನ ಇಟ್ಟರೆ ನೋಡಿದವರು ಏನಂತಾರೆ?"

ಗಡಿಬಿಡಿಗೆ ನೂರು ಮಾತು ಒಟ್ಟಿಗೆ ಬಾಯಿಗೆ ಬಂದವು. ಅದಕ್ಕೇ ಒಂದೂ ಹೊರಬೀಳಲಿಲ್ಲ.

ಹೊಸಬಿ ಮುಂದೆ ಬಂದಳು. "ತಿಂದು ಬಿಟ್ಟಿದ್ದಲ್ಲ," ಎಂದಳು. "ಇಟ್ಟಿದ್ದು."

"ಯಾರಿಗೆ?"

"ನನಗೆ."

ಮೇಡಂ ಅವಳ ಮುಖ ನೋಡಿದರು. ಬಗ್ಗಿ ಬಟ್ಟಲು ನೋಡಿದರು. ಮತ್ತೆ ಅವಳ ಮುಖ ನೋಡಿದರು. ಆಮೇಲೆ ತಾವೇ ತಂದುಕೊಟ್ಟಿದ್ದ ಆ ಹೋಟೆಲಿನ ಫೋಟೋವನ್ನು ಮಡಿಸಿ ಪರ್ಸಿನೊಳಗೆ ಹಾಕಿಕೊಂಡರು.

"ಡ್ರೈವರ್," ಎಂದು ಹೊರಗೆ ಕೂಗಿದರು. "ಆ ನೀಲಿ ಅಂಚಿನ ಬಟ್ಟಲನ್ನ ಮೊದಲು ತಗೊಂಡು ಹೋಗಪ್ಪ. ಹುಷಾರು."

ಮ್ಯೂಸಿಯಂ ಬಾಗಿಲು ತೆರೆದ ದಿನ ಜನವೋ ಜನ. ಉದ್ದನೆಯ ಮೇಜು ಗಾಜಿನ ಕೆಳಗೆ ದೊಡ್ಡ ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೂ ಹರಡಿತ್ತು. ಮೇಲಿನ ದೀಪಗಳು ಮುಂಜಾವಿನ ಬಣ್ಣದಲ್ಲಿದ್ದವು. ಒಳಗೆ ಬಂದವರು ತಾವಾಗಿಯೇ ದನಿ ತಗ್ಗಿಸುತ್ತಿದ್ದರು.

ತಾನು ಚಿಮಟ ಹಿಡಿದು ಅಂಟಿಸಿದ್ದ ಚೂರುಗಳು, ತಾನು ಮುಟ್ಟಿ ಮುಟ್ಟಿ ಬೈಸಿಕೊಂಡಿದ್ದ ಬ್ರೆಡ್ಡುಗಳು ಇಲ್ಲಿ ಬೇರೆಯೇ ಕಾಣುತ್ತಿವೆ ಎನ್ನಿಸಿತು ಗಡಿಬಿಡಿಗೆ. ಒಂದೊಂದು ತಟ್ಟೆಯ ಹಿಂದೆಯೂ ಒಂದೊಂದು ಅಡುಗೆಮನೆ, ಒಂದೊಂದು ಒಲೆ. ಯಾರು ಮೊದಲು ಎದ್ದರೋ, ಯಾರಿಗೆ ತೆಗೆದಿಟ್ಟರೋ.

ನೀಲಿ ಅಂಚಿನ ಬಟ್ಟಲಿನ ಮುಂದೆ ಒಂದು ಪುಟ್ಟ ಗುಂಪು ನಿಂತಿತ್ತು. ಮುದುಕಿಯೊಬ್ಬರು ಮೊಮ್ಮಗನಿಗೆ ಬಟ್ಟಲಿನಲ್ಲಿ ಉಳಿದ ಗಂಜಿಯನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಹೊಸಬಿ ಅವರ ನಡುವೆ ಇರಬೇಕೆಂದು ಗಡಿಬಿಡಿ ಇಣುಕಿದಳು. ಇರಲಿಲ್ಲ.

ಅವಳು ಮೇಜಿನ ಆಚೆ ಕಡೆ ಒಬ್ಬಳೇ ನಿಂತಿದ್ದಳು. ಹಣೆಯನ್ನು ಗಾಜಿಗೆ ತಾಗಿಸಿದ್ದಳು. ಉಸಿರಿಗೆ ಗಾಜು ಮಬ್ಬಾಗಿ ಮತ್ತೆ ತಿಳಿಯಾಗುತ್ತಿತ್ತು. ಗಂಜಿ ಅಲ್ಲಿಂದ ಸರಿಯಾಗಿ ಕಾಣುವುದಿಲ್ಲವಲ್ಲ ಎಂದುಕೊಂಡು, ಈ ಕಡೆ ಬಾ ಎಂದು ಕರೆಯಲು ಗಡಿಬಿಡಿ ಕೈ ಎತ್ತಿದಳು.

ಎತ್ತಿದ ಕೈ ಹಾಗೇ ನಿಂತಿತು. ಹೊಸಬಿ ನೋಡುತ್ತಿದ್ದದ್ದು ಗಂಜಿಯನ್ನಲ್ಲ. ತನಗೆಂದು ಇಟ್ಟ ಪಾಲನ್ನೂ ಅಲ್ಲ. ಗಂಜಿ ಇಲ್ಲದ ಕಡೆ, ಬಟ್ಟಲಿನ ಬರಿಯ ತಳ, ಅದರ ಮೇಲೆ ಎಡಕ್ಕೆ ಬಾಗಿದ ಚಮಚದ ಗೀರುಗಳು. ಅವಳು ಅಲ್ಲಿಂದ ಕಣ್ಣೇ ತೆಗೆಯಲಿಲ್ಲ.

ಗಡಿಬಿಡಿ ಕೂಗಲಿಲ್ಲ. ಜನರ ನಡುವೆ ಸದ್ದಾಗದ ಹಾಗೆ ಮೇಜನ್ನು ಬಳಸಿ ಹೋಗಿ, ಅವಳ ಪಕ್ಕದಲ್ಲಿ ನಿಂತು, ತಾನೂ ಆ ಖಾಲಿ ಕಡೆಯನ್ನು ನೋಡಿದಳು.